ಪುಕ್ಕಟೆ ಕಡಿಯುವ ಮರಕ್ಕೂ ಲೆಕ್ಕವಿದೆ

ಪ್ರಶ್ನೆ: ನಮ್ಮದು ಕುಬಟೂರು. ಹೆಂಚಿನ ಮನೆ, ಹಿತ್ತಲಲ್ಲಿ ದೊಡ್ಡ ಮತ್ತಿ ಮರ. ಮನೆ ಕಡೆಗೇ ವಾಲಿದೆ. ಗಾಳಿ ಎದ್ದ ರಾತ್ರಿ ಮಕ್ಕಳನ್ನು ಎಬ್ಬಿಸಿ ಜಗಲಿಗೆ ಕರೆತಂದು ಮಲಗಿಸುತ್ತೇನೆ. ಯಜಮಾನರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ಕಂಟ್ರಾಕ್ಟರ್ ಒಬ್ಬರು, "ದುಡ್ಡೇ ಬೇಡ, ಪುಕ್ಕಟೆ ಕಡಿದುಕೊಡ್ತೀನಿ, ಮರ ನನಗೆ ಬಿಡಿ, ಪರ್ಮಿಷನ್ನೂ ನಾನೇ ನೋಡ್ಕೋತೀನಿ" ಅನ್ನುತ್ತಾರೆ. ಇನ್ನೊಬ್ಬರು ಕೂಲಿ ಕೇಳುತ್ತಾರೆ. ಮಾವನವರು ಕಡಿಯೋದೇ ಬೇಡ ಅಂತಾರೆ. ಏನು ಮಾಡಲಿ?

ಉತ್ತರ: ಮಾವನವರ ಮಾತನ್ನು ಹಠ ಅಂದುಕೊಳ್ಳಬೇಡಿ. ಬೆಳಕು ಹುಡುಕಿಕೊಂಡು ಎಳವೆಯಿಂದಲೇ ವಾಲಿ ಬೆಳೆದ ಮರ ಸಾಮಾನ್ಯವಾಗಿ ಗಟ್ಟಿಯಾಗಿಯೇ ನಿಂತಿರುತ್ತದೆ. ಈಚೆಗೆ ವಾಲಿದ ಮರವಾದರೆ ಭಯಪಡಬೇಕು. ಅವರನ್ನೇ ಕರೆದುಕೊಂಡು ಹೋಗಿ ಬುಡ ನೋಡಿ. ವಾಲಿದ ದಿಕ್ಕಿನ ಎದುರು ಬದಿಯಲ್ಲಿ ಮಣ್ಣು ಬಿರಿದಿದೆಯೇ, ಬೇರು ಮೇಲೆದ್ದಿದೆಯೇ, ಬುಡದಲ್ಲಿ ಅಣಬೆ ಎದ್ದಿದೆಯೇ, ಬಡಿದರೆ ಟೊಳ್ಳು ಸದ್ದು ಬರುತ್ತದೆಯೇ? ಇವು ಯಾವುವೂ ಇಲ್ಲದಿದ್ದರೆ ಹೆಂಚಿನ ಮೇಲೆ ಚಾಚಿದ ಕೊಂಬೆ ಸವರಿಸಿದರೆ ಸಾಕಾಗಬಹುದು. ಒಂದು ಮಾತು: ಬೇಸಿಗೆಯಲ್ಲಿ ಮತ್ತಿ ಎಲೆ ಉದುರಿಸುವುದು ಅದರ ಸ್ವಭಾವ. ಅದನ್ನು ತೋರಿಸಿ "ಮರ ಒಣಗ್ತಾ ಇದೆ" ಅನ್ನುವವರನ್ನು ನಂಬಬೇಡಿ.

ಕಡಿಯಲೇಬೇಕು ಅಂತಾದರೆ ಅನುಮತಿಯನ್ನು ಕಂಟ್ರಾಕ್ಟರ್ ಕೈಗೆ ಬಿಡಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಮತ್ತಿ ಕಾಡಿನ ಜಾತಿ, ಅದಕ್ಕಿಲ್ಲ. ಜೀವಕ್ಕೆ, ಮನೆಗೆ ಅಪಾಯ ಎನ್ನುವುದು ಕಾಯ್ದೆಯೇ ಒಪ್ಪುವ ಕಾರಣ, ಹಾಗಾಗಿ ಅಂಜಿಕೆ ಬೇಡ. ಫೋಟೊ, ಪಹಣಿ ಅಥವಾ ಇ-ಸ್ವತ್ತಿನ ಪ್ರತಿ ಇಟ್ಟು ವಲಯ ಅರಣ್ಯ ಕಚೇರಿಯಲ್ಲಿ ಜಾಗದ ಹಕ್ಕುದಾರರ ಹೆಸರಲ್ಲೇ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮರವನ್ನು ಬೋಳು ಮಾಡುವಷ್ಟು ಸವರಿಸುವುದಾದರೂ ಕೇಳಿಯೇ ಮಾಡಿ. ಇನ್ನೊಂದು ಗಿಡ ನೆಡಿ ಎಂದು ಷರತ್ತು ಹಾಕಬಹುದು, ನೆಟ್ಟರಾಯಿತು.

ಅರ್ಜಿಗೆ ಮೊದಲು ಮರದ ಬುಡ ಯಾರ ಜಾಗದಲ್ಲಿದೆ ಎಂಬುದು ಖಚಿತವಾಗಲಿ. ನಿಮ್ಮ ಸೊರಬದ ಕಾನುಗಳ (ದಟ್ಟ ಕಾಡುಗಳ) ಮೇಲೆ ಅಂದಿನ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು. ಅಂದರೆ ಅಂದಿನಿಂದಲೂ ಈ ಸೀಮೆಯ ಮರಗಳ ಮೇಲೆ ಸರಕಾರದ ಕಣ್ಣಿದೆ. ಬೇಲಿಯ ಆಚೆ ಕಾನೋ ಸೊಪ್ಪಿನಬೆಟ್ಟವೋ ಇದ್ದು, ಬುಡ ಆ ಕಡೆ ಬಿದ್ದರೆ ಮರ ನಿಮ್ಮದಲ್ಲ. ಆಮೇಲೆ ಕೇಸು ಬರುವುದು ನಿಮ್ಮ ಮನೆಗೆ, ಲಾರಿ ಹೋದ ದಾರಿಗಲ್ಲ.

ಈಗ ಆ 'ಪುಕ್ಕಟೆ'ಗೆ ಬನ್ನಿ. ಮತ್ತಿ ನಾಟಾಕ್ಕೆ ಬರುವ ಮರ, ಹಾಗಾಗಿಯೇ ಅವರು ದುಡ್ಡು ಬೇಡ ಅಂದದ್ದು. ಟೇಪು ಹಿಡಿದು ನೀವೇ ಅಳೆಯಿರಿ. ವ್ಯಾಪಾರದ ರೂಢಿ ಹೀಗಿದೆ: ದಿಮ್ಮಿಯ ನಡುವಿನ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸುವುದು. ಸುತ್ತಳತೆ 6 ಅಡಿ, ಉದ್ದ 10 ಅಡಿ ಇದ್ದರೆ ಒಂದೂವರೆ ಗುಣಿಸು ಒಂದೂವರೆ ಗುಣಿಸು ಹತ್ತು, 22.5 ಘನ ಅಡಿ. ನಿಜವಾದ ಗಾತ್ರ ಸುಮಾರು 28.6. ತೊಗಟೆ, ಗರಗಸದ ಪುಡಿ ಎಂದು ಬಿಡುವ ಪಾಲು ಈ ಲೆಕ್ಕದ ಒಳಗೇ ಸೇರಿಹೋಗಿದೆ. ಅದರ ಮೇಲೆ ಇನ್ನೊಮ್ಮೆ "ವೇಸ್ಟೇಜ್" ಕಳೆಯಲು ಬಂದರೆ ಒಪ್ಪಬೇಡಿ. ಎರಡು ಸಾಮಿಲ್‌ಗಳಲ್ಲಿ ಮತ್ತಿಯ ದರ ಕೇಳಿ, ಅದರಿಂದ ಕಡಿಯುವ ಕೂಲಿ, ಸಾಗಣೆ ಕಳೆದು ನೋಡಿ. ಉಳಿಯುವುದು ಹೆಚ್ಚಿದ್ದರೆ ಅವರೇ ನಿಮಗೆ ದುಡ್ಡು ಕೊಡಬೇಕು. ಬುಡ ಟೊಳ್ಳಾಗಿದ್ದರೆ ಮಾತ್ರ ಕೂಲಿ ಕೇಳಿದವರೇ ನ್ಯಾಯಸ್ಥರು.

ಒಪ್ಪಂದ ಬಿಳಿ ಹಾಳೆಯಲ್ಲಾದರೂ ಇರಲಿ: ದರ ಎಷ್ಟು, ಅನುಮತಿ ಬಂದ ಮೇಲೇ ಮರಕ್ಕೆ ಕೊಡಲಿ ಹಾಕುವುದು, ಹೆಂಚು ಒಡೆದರೆ ಯಾರು ಹಾಕಿಸಬೇಕು, ಸೌದೆ ಯಾರಿಗೆ, ರೆಂಬೆ ಕಸ ಯಾರು ತೆಗೆಯಬೇಕು, ಬೊಡ್ಡೆ ಕೀಳುವುದೂ ಸೇರಿದೆಯೇ. ಕೂಲಿ ಕೊಡುವುದಾದರೆ ಮುಂಗಡ ಕೊಂಚ, ಉಳಿದದ್ದು ಹಿತ್ತಲು ಚೊಕ್ಕಟವಾದ ಮೇಲೆ. ರಹದಾರಿ ಇಲ್ಲದೆ ದಿಮ್ಮಿ ಹೊರಗೆ ಹೋಗಕೂಡದು. ಮರದ ಹತ್ತಿರ ತಂತಿ ಇದ್ದರೆ ಮೆಸ್ಕಾಂನವರಿಗೆ ಹೇಳಿ ಲೈನ್ ಬಂದ್ ಮಾಡಿಸಿಕೊಳ್ಳಿ; ಬಿದಿರು ಕೋಲಲ್ಲಿ ತಂತಿ ಎತ್ತಿ ಹಿಡಿಯುವ ಸಾಹಸ ನಿಮ್ಮ ಹಿತ್ತಲಲ್ಲಿ ನಡೆಯದಿರಲಿ.

ಮೇಲೆ ಹತ್ತುವವರು ಯಾರು ಎಂದು ಮರೆಯದೆ ಕೇಳಿ. ಕಂಟ್ರಾಕ್ಟರ್ ಕೆಳಗೆ ನಿಂತಿರುತ್ತಾರೆ, ಮೇಲೆ ಹತ್ತುವ ಹುಡುಗನಿಗೆ ಸೊಂಟದ ಹಗ್ಗವೂ ಇರುವುದಿಲ್ಲ. ಹಗ್ಗ, ಹೆಲ್ಮೆಟ್ ಇಲ್ಲದವರನ್ನು ಹತ್ತಿಸಬೇಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅಷ್ಟನ್ನೂ ಮಾಡಿಸದ ಕಂಟ್ರಾಕ್ಟರ್ ನಿಮ್ಮ ಹೆಂಚಿನ ಬಗ್ಗೆ ಎಷ್ಟು ಕಾಳಜಿ ತೋರಿಯಾರು?

ಇಷ್ಟೆಲ್ಲ ಆಗುವ ತನಕ ಮಕ್ಕಳು ಜಗಲಿಯಲ್ಲೇ ಮಲಗಲಿ, ಅದು ಸರಿಯಾಗಿಯೇ ಇದೆ. ಯಜಮಾನರಿಗೆ ಫೋನಲ್ಲಿ ಮರದ ಕಥೆ ಹೇಳುವುದಕ್ಕಿಂತ ಅಳತೆ ಹೇಳಿ. ಮೊದಲನೆಯ ಕಂಟ್ರಾಕ್ಟರ್ ಮತ್ತೆ ಬಂದರೆ ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ 22.5ರ ಲೆಕ್ಕ ಕೇಳಿ.