ಪೈರು ಕೀಳುವ ಕೈ, ನಾಟಿ ಹಾಕುವ ಕೈ

2022ರ ಆಗಸ್ಟ್. ಹಳ್ಳಿಮೈಸೂರಿನ ಸುತ್ತಮುತ್ತ ಗದ್ದೆಗಳಲ್ಲಿ ನಾಟಿ ಬಿರುಸಾಗಿತ್ತು. ನಾನು ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಕೊಂಡು, ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ರಾತ್ರಿ ಮನೆ ಸೇರಿದೆ. ಬೆಲೆ ಮೂವತ್ತು ಸಾವಿರದ ಆಸುಪಾಸು. ಅದರಲ್ಲಿ ಅರ್ಧ ನನ್ನ ದುಡಿಮೆಯದು. ಉಳಿದರ್ಧ ಅವ್ವ ಡೈರಿ ಬಟವಾಡೆಯಲ್ಲಿ ಕೂಡಿಟ್ಟದ್ದು. ಕ್ರಿಪ್ಟೊ ನಾಣ್ಯದ ಗಣಿಗಾರಿಕೆಯವರು ಕಾರ್ಡುಗಳನ್ನು ಬಾಚಿಕೊಳ್ಳುತ್ತಿದ್ದ ಕಾಲದಲ್ಲಿ ಬೆಲೆ ಕೇಳಲೂ ಭಯವಾಗುತ್ತಿತ್ತು. ಆ ವರ್ಷದ ನಡುವಿಗೆ ಇಳಿಯತೊಡಗಿತ್ತು. ಇನ್ನು ಕಾಯುವುದು ಬೇಡ ಎಂದು ಹೊರಟವನು ನಾನು.

ನಾವು ಐದು ಜನ ಗೆಳೆಯರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ಹೀಗೆ ಊರಿಗೊಬ್ಬರು. 2020ರ ಜೂನ್‌ನಲ್ಲಿ ವ್ಯಾಲರಂಟ್ ಬಂದಾಗಿನಿಂದ ಒಂದೇ ತಂಡವಾಗಿ ಆಡುತ್ತಿದ್ದೆವು. ಐವರಿಗೆ ಐವರು ಎದುರಾಗುವ ಆಟ ಅದು. ಗುರಿ ಇಟ್ಟವನಿಗೂ ಗುರಿಯಾದವನಿಗೂ ನಡುವಿನ ಅಂತರ ಕಣ್ಣು ಮಿಟುಕಿಸುವಷ್ಟೂ ಇರುವುದಿಲ್ಲ. ನನ್ನ ಬಳಿ ಇದ್ದದ್ದು ರೈಜನ್ 3 2200ಜಿ ಎಂಬ ನಾಲ್ಕು ಕೋರಿನ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಗೆಳೆಯನೊಬ್ಬನಿಂದ ಕೊಂಡ, ಸೆಕೆಂಡಿಗೆ 144 ಫ್ರೇಮ್ ತೋರಿಸಬಲ್ಲ 144 ಹರ್ಟ್ಸ್ ಮಾನಿಟರ್. ಪ್ರೊಸೆಸರಿನೊಳಗೇ ಇರುವ ಪುಟ್ಟ ಗ್ರಾಫಿಕ್ಸ್‌ನಲ್ಲಿ ಸೆಕೆಂಡಿಗೆ ಎಪ್ಪತ್ತು, ಎಂಬತ್ತು ಫ್ರೇಮ್ ಸಿಗುತ್ತಿದ್ದವು. ಹೊಸ ಕಾರ್ಡ್ ಹಾಕಿದರೆ ಮುನ್ನೂರು ಎಂದು ಮನಸ್ಸು ಲೆಕ್ಕ ಹಾಕಿತ್ತು.

ಆ ರಾತ್ರಿಯೇ ಕಾರ್ಡ್ ಕೂರಿಸಿದೆ. ಒಬ್ಬನೇ ಅಭ್ಯಾಸ ಮಾಡುವಾಗ 120 ಬಂತು. ನಿಜವಾದ ಪಂದ್ಯದಲ್ಲಿ, ಹತ್ತು ಜನ ಒಂದೆಡೆ ಸೇರಿ ಹೊಗೆ, ಬೆಂಕಿ, ಗುಂಡು ಎಲ್ಲ ಒಮ್ಮೆಗೇ ಎದ್ದಾಗ ಮತ್ತೆ ಎಪ್ಪತ್ತಕ್ಕೆ ಕುಸಿಯಿತು. ಯಾವ ಕ್ಷಣಕ್ಕಾಗಿ ದುಡ್ಡು ಸುರಿದಿದ್ದೆನೋ ಆ ಕ್ಷಣದಲ್ಲೇ ಕಾರ್ಡ್ ಕೈಕೊಟ್ಟಿತು ಅನ್ನಿಸಿತು. ಪರದೆಯ ಮೂಲೆಯಲ್ಲಿ ಕಾರ್ಡಿನ ಬಳಕೆ ಎಷ್ಟೆಂದು ತೋರಿಸುವ ಅಂಕಿ ನಲವತ್ತರ ಮೇಲೆ ಏಳಲೇ ಇಲ್ಲ. ಕಾರ್ಡೇ ಕೆಟ್ಟಿದೆಯೇನೋ ಎಂದು ನಿದ್ದೆಗೆಟ್ಟೆ.

ಮಾರನೆಯ ದಿನ ಮಧ್ಯಾಹ್ನ ಅವ್ವ ಗದ್ದೆಯಿಂದ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಕೂತು ಬೇಸರದಿಂದ ಹೇಳಿದರು: ‘ಹತ್ತು ಜನ ನಾಟಿಗೆ ಬಂದಿದ್ರು ಕಣಪ್ಪ. ಪೈರು ಕೀಳೋರು ಮಾತ್ರ ಇಬ್ರೇ. ಅವರು ಕಿತ್ತು ಕಂತೆ ಕಟ್ಟಿ ಕೊಡೋವರ್ಗೂ ಇವರು ಬದುವಿನ ಮೇಲೆ ಕೂತಿದ್ರು. ಕೂಲಿ ಮಾತ್ರ ಪೂರ್ತಿ ಕೊಡಬೇಕು.’

ಅವ್ವ ತಮ್ಮ ಗದ್ದೆಯ ಮಾತು ಆಡಿದ್ದರು. ನನಗೆ ಆ ನಲವತ್ತು ಎಂಬ ಅಂಕಿ ಕಣ್ಣ ಮುಂದೆ ಬಂತು. ನನ್ನ ಕಾರ್ಡ್ ಕೆಟ್ಟಿರಲಿಲ್ಲ. ಪೈರು ಬಾರದೆ ಬದುವಿನ ಮೇಲೆ ಕೂತಿತ್ತು.

ಆಟದ ಪ್ರತಿಯೊಂದು ಫ್ರೇಮೂ ಎರಡು ಕೈ ದಾಟಿ ಬರುತ್ತದೆ. ಹತ್ತು ಆಟಗಾರರು ಎಲ್ಲೆಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಹೆಜ್ಜೆ ಸಪ್ಪಳ ಯಾವ ದಿಕ್ಕಿನದು, ಸರ್ವರಿನಿಂದ ಬಂದ ಸುದ್ದಿ ಏನು ಎಂಬುದನ್ನೆಲ್ಲ ಮೊದಲು ಪ್ರೊಸೆಸರ್ ಲೆಕ್ಕ ಹಾಕಬೇಕು. ಆಮೇಲೆ ಏನೇನು ಬಿಡಿಸಬೇಕೆಂಬ ಪಟ್ಟಿಯನ್ನು ಕಾರ್ಡಿಗೆ ಕೊಡಬೇಕು. ಪಟ್ಟಿ ಬಂದ ಮೇಲಷ್ಟೇ ಕಾರ್ಡ್ ಚಿತ್ರ ಬಿಡಿಸುವುದು. ಪ್ರೊಸೆಸರ್ 9 ಮಿಲಿಸೆಕೆಂಡ್ ತೆಗೆದುಕೊಂಡರೆ, ಕಾರ್ಡ್ 4 ಮಿಲಿಸೆಕೆಂಡಿನಲ್ಲಿ ಮುಗಿಸಿದರೂ ಸೆಕೆಂಡಿಗೆ ಸಿಗುವುದು 111 ಫ್ರೇಮ್ ಮಾತ್ರ. ಕಾರ್ಡಿಗೆ 250 ಬಿಡಿಸುವ ಶಕ್ತಿ ಇದ್ದರೂ ಅದು ಕಾಯುತ್ತಲೇ ಇರುತ್ತದೆ. ಎರಡರಲ್ಲಿ ನಿಧಾನದ್ದು ಯಾವುದೋ ಅದೇ ಆಟದ ವೇಗ.

ಅನುಮಾನ ಪರಿಹರಿಸಿಕೊಳ್ಳಲು ಒಂದು ಪರೀಕ್ಷೆ ಮಾಡಿದೆ. ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. ರೆಸಲ್ಯೂಶನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿದೆ. ಮೊದಲನೆಯದರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳು, ಎರಡನೆಯದರಲ್ಲಿ ಒಂಬತ್ತು ಲಕ್ಷದ ಚಿಲ್ಲರೆ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಆದರೂ ಫ್ರೇಮ್‌ಗಳ ಸಂಖ್ಯೆ ಅಲುಗಾಡಲಿಲ್ಲ. ಗದ್ದೆ ಚಿಕ್ಕದಾದರೂ ಪೈರು ಬರುವ ವೇಗ ಅಷ್ಟೇ ಇತ್ತು. ಈ ಐದು ನಿಮಿಷದ ಕೆಲಸವನ್ನು ಕಾರ್ಡ್ ಕೊಳ್ಳುವ ಮೊದಲು, ಹಳೆಯ ಪ್ರೊಸೆಸರಿಗೆ ಗೆಳೆಯನ ಕಾರ್ಡೊಂದನ್ನು ಒಂದು ದಿನದ ಮಟ್ಟಿಗೆ ಜೋಡಿಸಿ ಮಾಡಿದ್ದರೆ ಸಾಕಿತ್ತು.

ದಾರಿ ತಪ್ಪಿಸಿದ ಇನ್ನೊಂದು ಸಂಗತಿಯೂ ಇದೆ. ಪ್ರೊಸೆಸರಿನ ಒಟ್ಟು ಬಳಕೆ ಶೇ. 70 ಎಂದು ಕಂಡಿತ್ತು. ಇನ್ನೂ ಮೂವತ್ತು ಪಾಲು ಬಾಕಿ ಇದೆಯಲ್ಲ ಎಂದುಕೊಂಡಿದ್ದೆ. ಅದು ನಾಲ್ಕೂ ಕೋರುಗಳ ಸರಾಸರಿ. ಆಟದ ಮುಖ್ಯ ಕೆಲಸ ಒಂದೆರಡು ಕೋರುಗಳ ಮೇಲೇ ಬೀಳುತ್ತದೆ. ಅವು ಏದುಸಿರು ಬಿಡುತ್ತಿದ್ದರೂ ಸರಾಸರಿ ಅದನ್ನು ಮರೆಮಾಚುತ್ತದೆ. ಹಾಗಾಗಿ ಈಗ ನಾನು ನೋಡುವುದು ಕಾರ್ಡಿನ ಬಳಕೆಯನ್ನೇ. ಫ್ರೇಮ್‌ಗಳಿಗೆ ಮಿತಿ ಹಾಕದೆ ಆಡಿದಾಗ ಅದು 95 ದಾಟಿದರೆ ಕಾರ್ಡ್ ತನ್ನ ಶಕ್ತಿ ಪೂರಾ ಹಾಕುತ್ತಿದೆ ಎಂದರ್ಥ. ಐವತ್ತರ ಸುತ್ತ ನಿಂತರೆ ಕಾಯುತ್ತಿದೆ.

ಗುಂಡು ಹಾರಿಸುವ ಸ್ಪರ್ಧೆಯ ಆಟಗಳಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಕಥೆಯ ಆಟಗಳನ್ನು, ಉದಾಹರಣೆಗೆ ಸೈಬರ್‌ಪಂಕ್ 2077 ಅನ್ನು ಆಡುವವರು ನೆರಳು, ನೀರು, ಬೆಳಕು ಎಲ್ಲವನ್ನೂ ಮೇಲಿನ ಮಟ್ಟಕ್ಕೆ ಇಡುತ್ತಾರೆ. ಅರವತ್ತು ಫ್ರೇಮ್ ಬಂದರೆ ತೃಪ್ತಿ. ಅಲ್ಲಿ ಹೊರೆಯೆಲ್ಲ ಕಾರ್ಡಿನದು. ನಾವು ಮಾಡುವುದು ಅದರ ತದ್ವಿರುದ್ಧ. ಎದುರಾಳಿ ಸ್ಪಷ್ಟವಾಗಿ ಕಂಡರೆ ಸಾಕೆಂದು ಅಲಂಕಾರವನ್ನೆಲ್ಲ ಇಳಿಸಿಬಿಡುತ್ತೇವೆ, ಕಾರ್ಡಿನ ಕೆಲಸ ಹಗುರಾಗುತ್ತದೆ. ಫ್ರೇಮ್ ಮಾತ್ರ 144, 240 ಬೇಕು ಎನ್ನುತ್ತೇವೆ, ಪ್ರೊಸೆಸರಿನ ಬೆನ್ನು ಬಾಗುತ್ತದೆ. 60 ಫ್ರೇಮಿಗಾದರೆ ಪ್ರತಿಯೊಂದಕ್ಕೂ 16.7 ಮಿಲಿಸೆಕೆಂಡ್ ಬಿಡುವಿದೆ. 144ಕ್ಕೆ 6.9, 240ಕ್ಕೆ 4.2 ಮಾತ್ರ. ಕಥೆಯ ಆಟದವರ ಸಲಹೆ ಕೇಳಿ ಸ್ಪರ್ಧೆಯ ಆಟಕ್ಕೆ ದುಡ್ಡು ಹಾಕಿದ್ದೇ ನನ್ನ ಮೂಲ ತಪ್ಪು.

ಸರಿಪಡಿಸಲು ಹೊರಟಾಗ ಅವಸರ ಮಾಡಲಿಲ್ಲ. ಮೊದಲು ಇನ್ನೊಂದು ರ‍್ಯಾಮ್ ಕಡ್ಡಿ ಹಾಕಿದೆ. ಒಂದೇ ಕಡ್ಡಿ ಇದ್ದರೆ ಪ್ರೊಸೆಸರಿಗೆ ಒಂದೇ ದಾರಿ, ಎರಡಿದ್ದರೆ ಎರಡು ದಾರಿ. ಅಷ್ಟಕ್ಕೇ ಹತ್ತು ಹದಿನೈದು ಫ್ರೇಮ್ ಏರಿದವು. ಆಮೇಲೆ ಪ್ರೊಸೆಸರ್. ನನ್ನ ಬಿ450 ಬೋರ್ಡಿನದು ಎಎಂ4 ಸಾಕೆಟ್. 2017ರ ಮೊದಲ ರೈಜನ್‌ನಿಂದ 2022ರ ರೈಜನ್ 5 5600ರವರೆಗೆ ಅದೇ ಸಾಕೆಟ್ ಬಳಕೆಯಲ್ಲಿತ್ತು. ಬೋರ್ಡ್ ಬದಲಿಸುವ ಖರ್ಚು ಉಳಿಯಿತು. ಆದರೆ ಹೊಸ ಪ್ರೊಸೆಸರನ್ನು ಬೋರ್ಡಿನೊಳಗಿನ ಬಯಾಸ್ ಎಂಬ ತಂತ್ರಾಂಶದ ಹಳೆಯ ಆವೃತ್ತಿ ಗುರುತಿಸುವುದಿಲ್ಲ, ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ ನವೀಕರಿಸಿಕೊಳ್ಳಬೇಕು. ಆ ಕೆಲಸದ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಹಳ್ಳಿಯಲ್ಲಿ ತ್ರೀ ಫೇಸ್ ಕೊಟ್ಟ ಗಳಿಗೆಗೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜ್ ಮುಗ್ಗರಿಸುವುದು ನಮಗೆ ಗೊತ್ತಿದ್ದದ್ದೇ. ಯುಪಿಎಸ್ ಪೂರ್ತಿ ತುಂಬಿಸಿಕೊಂಡು, ತ್ರೀ ಫೇಸ್ ಇಲ್ಲದ ಹೊತ್ತು ನೋಡಿ ಮಾಡಿ ಮುಗಿಸಿದೆ.

5600 ಹಾಕಿ, ರ‍್ಯಾಮನ್ನು ಅದರ ಮೇಲೆ ಬರೆದಿದ್ದ ವೇಗಕ್ಕೆ ಬಯಾಸ್‌ನಲ್ಲಿ ಹೊಂದಿಸಿದೆ. ಈ ಹೊಂದಿಕೆ ತಾನಾಗಿ ಆಗುವುದಿಲ್ಲ, ಎಷ್ಟೋ ಮನೆಗಳಲ್ಲಿ 3200ರ ರ‍್ಯಾಮ್ ವರ್ಷಗಟ್ಟಲೆ 2133ರಲ್ಲೇ ನಡೆಯುತ್ತಿರುತ್ತದೆ. ಆ ರಾತ್ರಿಯ ಪಂದ್ಯದಲ್ಲಿ ಗದ್ದಲದ ನಡುವೆಯೂ ಫ್ರೇಮ್ 200ರ ಕೆಳಗೆ ಇಳಿಯಲಿಲ್ಲ. ಅದೇ ಕಾರ್ಡ್, ಅದೇ ಪರದೆ.

ಇಷ್ಟು ವ್ಯತ್ಯಾಸ ಹೇಗೆ? ಕೋರು ನಾಲ್ಕರಿಂದ ಆರಾದದ್ದು ಒಂದು ಪಾಲು. ಒಳಗಿನ ಎಲ್3 ಕ್ಯಾಶ್ ಇನ್ನೊಂದು ಪಾಲು. 2200ಜಿಯಲ್ಲಿ ಅದು 4 ಎಂಬಿ, 5600ರಲ್ಲಿ 32. ಅಡುಗೆಯವರ ಕೈಗೆ ಸಿಗುವ ಹಾಗೆ ಒಲೆಯ ಪಕ್ಕದಲ್ಲೇ ಸಾಂಬಾರ ಡಬ್ಬಿ ಇದ್ದಂತೆ ಕ್ಯಾಶ್. ಅಲ್ಲಿ ಇಲ್ಲದ್ದಕ್ಕೆ ರ‍್ಯಾಮ್ ಎಂಬ ಅಟ್ಟ ಹತ್ತಿ ಇಳಿಯಬೇಕು. ಒಂದೇ ಮಾಹಿತಿಯನ್ನು ಮತ್ತೆ ಮತ್ತೆ ತಡಕುವ ಈ ಆಟಗಳಿಗೆ ಡಬ್ಬಿ ದೊಡ್ಡದಾದಷ್ಟೂ ಲಾಭ. 5800ಎಕ್ಸ್3ಡಿಯಂಥವು 96 ಎಂಬಿ ಕ್ಯಾಶ್ ಹೊತ್ತು ಬಂದದ್ದೂ, ಸ್ಪರ್ಧಿಗಳು ಅವುಗಳ ಹಿಂದೆ ಬಿದ್ದದ್ದೂ ಇದಕ್ಕೇ.

ಹಾಗೆಂದು ಎಲ್ಲರಿಗೂ ಪ್ರೊಸೆಸರನ್ನೇ ಬದಲಿಸಿ ಎನ್ನಲಾಗದು. 2023ರ ಸೆಪ್ಟೆಂಬರ್ 27ರಂದು ಕೌಂಟರ್-ಸ್ಟ್ರೈಕ್ 2 ಬಂದಾಗ ಚನ್ನರಾಯಪಟ್ಟಣದ ಗೆಳೆಯ ಫೋನ್ ಮಾಡಿದ. ಹಳೆಯ ಆಟದಲ್ಲಿ ಹಾರುತ್ತಿದ್ದ ಅವನ ಗಣಕ ಹೊಸದರಲ್ಲಿ, ಅದರಲ್ಲೂ ಹೊಗೆ ಹರಡಿದಾಗ, ತೆವಳುತ್ತಿತ್ತು. ಅವನದು ಐ5 12400ಎಫ್ ಪ್ರೊಸೆಸರ್, ಕಾರ್ಡ್ ಮಾತ್ರ 2016ರ ಜಿಟಿಎಕ್ಸ್ 1050 ಟಿಐ. ರೆಸಲ್ಯೂಶನ್ ಇಳಿಸಿ ನೋಡು ಎಂದೆ. ಇಳಿಸಿದ್ದೇ ತಡ, ಫ್ರೇಮ್ ಜಿಗಿಯಿತು. ಅವನ ಗದ್ದೆಯಲ್ಲಿ ಪೈರಿನ ಕಂತೆಗಳು ಬಿದ್ದಿದ್ದವು, ನಾಟಿ ಹಾಕುವ ಕೈ ಸಾಲದಾಗಿತ್ತು. ಅವನು ಆರ್‌ಎಕ್ಸ್ 6600 ಕೊಂಡ. ನನ್ನ ಕಥೆ ಕೇಳಿ ಪ್ರೊಸೆಸರ್ ಬದಲಿಸಿದ್ದರೆ ನನ್ನಂತೆಯೇ ನೊಂದುಕೊಳ್ಳುತ್ತಿದ್ದ.

ಜೋಡಿ ಎಂದರೆ ಎರಡೂ ನೂರಕ್ಕೆ ನೂರು ದುಡಿಯುವುದೂ ಅಲ್ಲ. ಕಾರ್ಡ್ ಶೇ. 99ಕ್ಕೆ ಮುಟ್ಟಿದರೆ ಫ್ರೇಮ್‌ಗಳು ಸರದಿಯಲ್ಲಿ ನಿಲ್ಲುತ್ತವೆ, ಮೌಸ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತಡವಾಗುತ್ತದೆ. ಸ್ಪರ್ಧೆಗೆ ಆಡುವವರ ಕಾರ್ಡಿಗೆ ಸ್ವಲ್ಪ ಉಸಿರಾಡಲು ಜಾಗ ಇರಬೇಕು. ಆ ಜಾಗ ಉಳಿಯುವಂತೆ ಫ್ರೇಮಿಗೆ ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ಸರಾಸರಿ ಫ್ರೇಮಿಗಿಂತ ಗದ್ದಲದಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೇ ನೋಡಬೇಕು. ವರ್ಷದ ಮಳೆ ಸರಾಸರಿಯಷ್ಟು ಬಿದ್ದರೂ ತೆನೆ ಹೊಡೆಯುವ ಹೊತ್ತಿಗೆ ಕೈಕೊಟ್ಟರೆ ರಾಗಿ ಜೊಳ್ಳಾಗುವುದಿಲ್ಲವೇ?

ಈಗ ಸುತ್ತಲ ಊರಿನ ಹುಡುಗರು ಪಟ್ಟಿ ಹಿಡಿದು ಬರುತ್ತಾರೆ. ನಾನು ಯಾವ ಭಾಗ ಕೊಳ್ಳಬೇಕೆಂದು ಮೊದಲೇ ಹೇಳುವುದಿಲ್ಲ. ಯಾವ ಆಟ, ಎಷ್ಟು ಹರ್ಟ್ಸಿನ ಪರದೆ, ಗದ್ದಲದಲ್ಲಿ ಕಾರ್ಡಿನ ಬಳಕೆ ಎಷ್ಟು, ಈ ಮೂರು ಕೇಳುತ್ತೇನೆ. ಕಳೆದ ಸಲ ರಾಮನಾಥಪುರದ ಕಡೆಯ ಹುಡುಗನೊಬ್ಬ ಬಂದಿದ್ದ. ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ ಅವರಪ್ಪ ಇಪ್ಪತ್ತು ಸಾವಿರ ಕೊಟ್ಟಿದ್ದರು. ‘ಅಣ್ಣ, ಕಾರ್ಡ್ ಬದಲಾಯಿಸಬೇಕು, ಆಟ ಒಂಥರಾ ಜಗ್ಗುತ್ತೆ’ ಎಂದ. ಅವನ ಮನೆಗೇ ಹೋಗಿ ನೋಡಿದೆ. ಮಿತಿ ತೆಗೆದಾಗ ಫ್ರೇಮ್ 150 ಬರುತ್ತಿತ್ತು. 144 ಹರ್ಟ್ಸ್ ಮಾನಿಟರ್ ಮಾತ್ರ ವಿಂಡೋಸ್‌ನ ಸೆಟ್ಟಿಂಗ್‌ನಲ್ಲಿ 60ರಲ್ಲೇ ಇತ್ತು. ಕೊಂಡ ದಿನದಿಂದ ಯಾರೂ ಬದಲಿಸಿರಲಿಲ್ಲ. ಬದಲಿಸಿ ಕೊಟ್ಟೆ. ಹುಡುಗ ಎರಡು ಸುತ್ತು ಆಡಿ ನನ್ನ ಮುಖ ನೋಡಿದ.

‘ದುಡ್ಡು ನಿಮ್ಮಪ್ಪನಿಗೆ ವಾಪಸ್ ಕೊಡು’ ಎಂದೆ. ಅವತ್ತು ಮನೆಗೆ ಬಂದವನು ಅವ್ವನಿಗೆ ಇದನ್ನು ಹೇಳಿದೆ. ಡೈರಿಗೆ ಕ್ಯಾನು ತೊಳೆಯುತ್ತಿದ್ದ ಅವರು ತಲೆಯೆತ್ತದೆಯೇ ‘ಒಳ್ಳೆ ಕೆಲಸ ಮಾಡ್ದೆ’ ಎಂದರು.