ಶೆಡ್ ಹಾಕಿಸುವ ಮುನ್ನ

ಗ್ಯಾರೇಜಿಗೋ ವರ್ಕ್‌ಶಾಪಿಗೋ ಶೆಡ್ ಹಾಕಿಸಲು ಹೊರಟವರು ಮೊದಲು ಕೇಳುವುದು 'ಚದರಡಿಗೆ ಎಷ್ಟು?' ಅಂತ. ಉತ್ತರ ಎಲ್ಲ ಗುತ್ತಿಗೆದಾರರ ಬಾಯಲ್ಲೂ ಸಿದ್ಧವಿರುತ್ತದೆ. ಅದರಲ್ಲಿ ಕಬ್ಬಿಣ ಎಷ್ಟು ಅಂತ ಮಾತ್ರ ಯಾರೂ ತಾವಾಗಿ ಹೇಳುವುದಿಲ್ಲ.

ಶೀಟನ್ನೇ ತೆಗೆದುಕೊಳ್ಳಿ. 0.5 ಎಂ.ಎಂ. ಅಂದರೆ ಬಣ್ಣ, ಲೇಪ ಸೇರಿದ ದಪ್ಪವೋ, ಬರೀ ಉಕ್ಕಿನದೋ ಕೇಳಿ. ಲೇಪ ಸೇರಿಸಿಯೇ 0.5 ಇದ್ದರೆ ಒಳಗಿನ ಉಕ್ಕು ಸುಮಾರು 0.45 ಅಷ್ಟೇ. ಲಾರಿಯಿಂದ ಇಳಿಸುವಾಗಲೇ ಸ್ಕ್ರೂಗೇಜ್ ಹಿಡಿದು ಅಂಚಿನಲ್ಲಿ ಅಳೆಯಿರಿ. ಸಂಕೋಚ ಬೇಡ, ದುಡ್ಡು ನಿಮ್ಮದು. ಕಂಬ, ಟ್ರಸ್, ಪರ್ಲಿನ್‌ಗಳ ಲೆಕ್ಕ ಕೆ.ಜಿ.ಯಲ್ಲಿರಲಿ; ವೇಬ್ರಿಡ್ಜ್ ಚೀಟಿ ಕೈಗೆ ಬರಲಿ.

ಇನ್ನು ಗಾಳಿ. ಭಾರತೀಯ ಮಾನಕದ ಪ್ರಕಾರ ವಿನ್ಯಾಸಕ್ಕೆ ಹಿಡಿಯುವ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಸಣ್ಣ ವ್ಯತ್ಯಾಸ ಅನ್ನಿಸುತ್ತದಲ್ಲವೇ? ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇ. 40ರಷ್ಟು ಹೆಚ್ಚಾಗುತ್ತದೆ. ಬೆಂಗಳೂರಿನ ಪೀಣ್ಯದ ನಕ್ಷೆಯನ್ನೇ ಮಂಗಳೂರಿನ ಬೈಕಂಪಾಡಿಯಲ್ಲೂ ನಿಲ್ಲಿಸಿಬಿಡುತ್ತೇನೆ ಅನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಕೆಲಸ ಒಪ್ಪಿಸುವ ಮುನ್ನ, ಗುತ್ತಿಗೆದಾರರು ಐದಾರು ವರ್ಷದ ಹಿಂದೆ ಹಾಕಿದ ಶೆಡ್ ಒಂದಕ್ಕೆ ಹೋಗಿ ಬನ್ನಿ, ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಒಡೆದಿದ್ದರೆ ನೀರು ಇಳಿದ ಕಡೆ ತುಕ್ಕಿನ ಗೆರೆ ಕಾಣುತ್ತದೆ. ಕೆಲಸ ಮುಗಿದ ಮೇಲೂ ಅವರು ಫೋನ್ ಎತ್ತುತ್ತಾರಾ ಅಂತ ಮಾಲೀಕರನ್ನು ವಿಚಾರಿಸಿ.

ಕೊನೆಯ ಕಂತನ್ನು ಮಾತ್ರ ಒಂದು ಜೋರು ಮಳೆ ಬೀಳುವವರೆಗೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಆ ಷರತ್ತನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.