ತಪಸ್ಸುಕಾಲದ ಊಟದ ತಟ್ಟೆ



ಹೊಂಗೆ ಚಿಗುರಿದೆ, ಮಾವು ಮಿಡಿ ಕಚ್ಚಿದೆ, ಬಿಸಿಲು ಏರತೊಡಗಿದೆ. ದೇವಾಲಯದ ಪೀಠಕ್ಕೆ ನೇರಳೆ ವಸ್ತ್ರ ಬಂದಿದೆ. ಇಂಗ್ಲಿಷಿನಲ್ಲಿ ತಪಸ್ಸುಕಾಲಕ್ಕೆ ಹೇಳುವ ‘ಲೆಂಟ್’ ಎಂಬ ಪದದ ಹಳೆಯ ಅರ್ಥವೇ ವಸಂತ. ಋತು ಬದಲಾಗುವ ಈ ಹೊತ್ತಿನಲ್ಲಿ ನಮ್ಮ ಊಟವೂ ಬದಲಾಗಬೇಕು. ಹೇಗೆ ಎಂಬುದನ್ನು ಇಂದು ಒಟ್ಟಿಗೆ ಯೋಚಿಸೋಣ.

ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲದ ಒಂದು ಶುಕ್ರವಾರ ಸಂಜೆ, ಶಿಲುಬೆ ಹಾದಿ ನಡೆಯುತ್ತಿದ್ದಾಗ ಒಬ್ಬ ತಾಯಿ ತಲೆಸುತ್ತಿ ಬಿದ್ದರು. ನೀರು ಕೊಟ್ಟು ಕೂರಿಸಿ, “ಬೆಳಗಿನಿಂದ ಏನು ತಿಂದಿದ್ದೀರಮ್ಮ?” ಎಂದು ಕೇಳಿದೆ. “ಉಪವಾಸ ಅಲ್ವಾ ಸ್ವಾಮಿ” ಎಂದರು. ನಸುಕಿನಲ್ಲೇ ಎದ್ದು ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟು, ಹಗಲೆಲ್ಲ ಬಿಸಿಲಿನಲ್ಲಿ ಕೂಲಿ ಮಾಡಿ ಬಂದಿದ್ದರು. ಆಸ್ಪತ್ರೆಯಲ್ಲಿ ನೋಡಿದಾಗ ಮೈಯಲ್ಲಿ ರಕ್ತ ತೀರಾ ಕಡಿಮೆ ಇರುವುದು ತಿಳಿಯಿತು. ಬೂದಿ ಬುಧವಾರದಂದು ಉಪವಾಸದ ಮಹಿಮೆಯನ್ನು ಬಹಳ ಹೊತ್ತು ಬೋಧಿಸಿದವನು ನಾನು. ಯಾರು ಉಪವಾಸ ಮಾಡಬೇಕಾಗಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಆ ಬಾಕಿಯನ್ನು ತೀರಿಸಲು ಈ ಲೇಖನ.

ಧರ್ಮಸಭೆ ಕೇಳುವುದೆಷ್ಟು?

1966ರಲ್ಲಿ ಪೋಪ್ ಆರನೆಯ ಪೌಲರು ಉಪವಾಸದ ನಿಯಮಗಳನ್ನು ಪರಿಷ್ಕರಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆ ಅದೇ ಹಾದಿಯಲ್ಲಿ ನಡೆಯಿತು. ಅದರಂತೆ ಕಡ್ಡಾಯ ಉಪವಾಸದ ದಿನಗಳು ಎರಡೇ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಒಂದು ಪೂರ್ಣ ಊಟ ಮಾಡಬಹುದು. ಬೆಳಿಗ್ಗೆ, ಸಂಜೆ ಅಲ್ಪಾಹಾರ ತೆಗೆದುಕೊಳ್ಳಬಹುದು. ಈ ನಿಯಮ 18 ತುಂಬಿದವರಿಗೆ, 59 ತುಂಬುವವರೆಗೆ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೈಮುರಿದು ದುಡಿಯುವವರು ಉಪವಾಸದ ಕಟ್ಟಿಗೆ ಒಳಪಟ್ಟವರಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬಾರದು. ಸಂದೇಹವಿದ್ದರೆ ನಿಮ್ಮ ಗುರುಗಳನ್ನು ಕೇಳಿ. ಉಪವಾಸಕ್ಕೆ ಬದಲಾಗಿ ಬೇರೊಂದು ಸತ್ಕಾರ್ಯವನ್ನು ಸೂಚಿಸುವ ಅಧಿಕಾರ ಅವರಿಗಿದೆ.

ದೇಹಕ್ಕೆ ಅವಶ್ಯವಾದ ಆಹಾರವನ್ನೇ ಕಸಿದುಕೊಳ್ಳುವ ಉಪವಾಸ ವಿವೇಕಕ್ಕೆ ವಿರುದ್ಧ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ದೇವರು ಕೊಟ್ಟ ದೇಹವನ್ನು ಕೆಡಿಸಿ ದೇವರನ್ನು ಮೆಚ್ಚಿಸಲಾಗದು.

ನಾಲಿಗೆಯ ಐದು ದಾರಿ

ಹೊಟ್ಟೆಬಾಕತನ ಎಂದರೆ ಹೆಚ್ಚು ತಿನ್ನುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಮಹಾ ಸಂತ ಗ್ರೆಗೋರಿಯವರನ್ನು ಅನುಸರಿಸಿ ಸಂತ ತೋಮಸರು ಅದರ ಐದು ದಾರಿಗಳನ್ನು ತೋರಿಸುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ಬಾಚಿ ತಿನ್ನುವುದು, ಇದು ಹೀಗೆಯೇ ಆಗಿರಬೇಕು ಎಂದು ರುಚಿಗಾಗಿ ಹಟ ಹಿಡಿಯುವುದು.

ಈಗ ನಮ್ಮ ಮನೆಗಳ ಶುಕ್ರವಾರವನ್ನು ನೋಡಿ. ಮಾಂಸವಿಲ್ಲ, ನಿಜ. ಅದರ ಬದಲಿಗೆ ಕುರಿಮಾಂಸಕ್ಕಿಂತ ದುಬಾರಿಯಾದ ಮೀನು ಬರುತ್ತದೆ. ಇಲ್ಲವೇ ಸಂಜೆಗೆ ಬೋಂಡ, ಬಜ್ಜಿ, ಜೊತೆಗೆ ಹಪ್ಪಳ. ನಿಯಮ ಉಳಿಯಿತು, ನಾಲಿಗೆ ಗೆದ್ದಿತು! ಎಣ್ಣೆಯಲ್ಲಿ ಕರಿದದ್ದು ಬೇಸಿಗೆಯಲ್ಲಿ ಹೊಟ್ಟೆಗೂ ಭಾರ. ಮಾಂಸ ಬಿಟ್ಟು ಮದ್ಯ ಬಿಡದವರ ಬಗ್ಗೆ ನಾನು ಹೇಳಬೇಕಾಗಿಲ್ಲ. ಅವರ ಮನೆಯವರಿಗೆ ಗೊತ್ತು.

ಋತು ಕೊಡುವ ಆಹಾರ

ಬಾಬಿಲೋನಿನ ಅರಮನೆಯಲ್ಲಿ ದಾನಿಯೇಲನೂ ಅವನ ಮೂವರು ಗೆಳೆಯರೂ ರಾಜಭೋಜನವನ್ನು ಬಿಟ್ಟು ಹತ್ತು ದಿನ ಕಾಯಿಪಲ್ಯ, ನೀರು ಸೇವಿಸಿದರು. ಕೊನೆಗೆ ಉಳಿದವರಿಗಿಂತ ಪುಷ್ಟರಾಗಿ ಕಂಡರು. ಸರಳ ಆಹಾರವೆಂದರೆ ಬಡ ಆಹಾರವೆಂದು ತಿಳಿಯಬಾರದು.

ನಮ್ಮ ಹಳ್ಳಿಯ ಅಡುಗೆಗೆ ಇದು ಹೊಸದೇನೂ ಅಲ್ಲ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿದರೆ ಹೊಟ್ಟೆ ತಂಪು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಅತ್ಯಲ್ಪ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹುರುಳಿಕಾಳು ಮೈಗೆ ಬಲ ಕೊಡುತ್ತವೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ. ಅದರಲ್ಲಿರುವ ಸಿ ಜೀವಸತ್ವವು ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಲು ನೆರವಾಗುತ್ತದೆ. ಊಟದ ಬೆನ್ನಿಗೇ ಟೀ, ಕಾಫಿ ಕುಡಿದರೆ ಅದಕ್ಕೆ ಅಡ್ಡಿ. ಒಂದು ಗಂಟೆ ತಡೆಯಿರಿ. ಹೆಸರುಬೇಳೆ ಕೋಸಂಬರಿ, ಸೌತೆಕಾಯಿ, ಕಲ್ಲಂಗಡಿ ಈ ಕಾಲಕ್ಕೆಂದೇ ಬಂದವು. ಬಾಟಲಿಯ ಸಿಹಿ ಪಾನೀಯಕ್ಕಿಂತ ಒಂದು ಲೋಟ ನೀರುಮಜ್ಜಿಗೆ ಮೇಲು.

ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡುವ ಕಾಲವೂ ಇದೇ. ಇವೆಲ್ಲ ಉಪ್ಪಿನ ಉಗ್ರಾಣಗಳು ಎಂಬುದನ್ನು ಮರೆಯಬೇಡಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು, ಸಾಕೆಂದು ವೈದ್ಯರು ಹೇಳುತ್ತಾರೆ. ರಕ್ತದೊತ್ತಡವಿರುವವರು ಹೆಚ್ಚು ಎಚ್ಚರ ವಹಿಸಲಿ.

ಅಡುಗೆ ಮಾಡಿದವರ ಊಟ

ಈಗ ಮುಖ್ಯ ವಿಷಯಕ್ಕೆ ಬರೋಣ. ತಪಸ್ಸುಕಾಲ ಬಂದರೂ ಬಾರದಿದ್ದರೂ ವರ್ಷವಿಡೀ ಅರೆ ಉಪವಾಸ ಮಾಡುವವರು ನಮ್ಮ ಮನೆಗಳಲ್ಲಿದ್ದಾರೆ. ಗಂಡನಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಅತ್ತೆ ಮಾವಂದಿರಿಗೆ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಸಾರು, ತಣ್ಣನೆಯ ಅನ್ನ ಉಣ್ಣುವವರು ಅವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಕೊನೆಯಲ್ಲಿ ಉಣ್ಣುವ ಆ ತಟ್ಟೆಯೂ ಅವುಗಳಲ್ಲಿ ಒಂದು.

ಕೊರಿಂಥದ ಕ್ರೈಸ್ತರು ಪ್ರಭುವಿನ ಭೋಜನಕ್ಕೆಂದು ಕೂಡಿದಾಗ ಕೆಲವರು ಮೊದಲೇ ಉಂಡು ಕುಡಿದು ಅಮಲೇರುತ್ತಿದ್ದರು, ಕೆಲವರು ಹಸಿದೇ ಇರುತ್ತಿದ್ದರು. ಇದು ಪ್ರಭುವಿನ ಭೋಜನವೇ ಅಲ್ಲವೆಂದು ಸಂತ ಪೌಲರು ಗದರಿಸಿ, ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಬರೆದರು. ಪರಮಪ್ರಸಾದ ಸ್ವೀಕರಿಸಿ ಮನೆಗೆ ಹೋಗುವ ನಾವು ಮನೆಯ ಊಟದಲ್ಲಿ ಕಾಯುತ್ತೇವೆಯೇ?

ಯಾಯೀರನ ಮಗಳನ್ನು ಜೀವಂತವಾಗಿ ಎಬ್ಬಿಸಿದ ಯೇಸುಸ್ವಾಮಿ ಮುಂದೆ ಏನು ಹೇಳಿದರು ಗೊತ್ತೇ? ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದರು. ಅಷ್ಟು ದೊಡ್ಡ ಅದ್ಭುತದ ನಡುವೆಯೂ ಪ್ರಭು ಒಬ್ಬ ಹುಡುಗಿಯ ಹಸಿವನ್ನು ಮರೆಯಲಿಲ್ಲ.

ಗಂಡಸರೇ, ಈ ನಲವತ್ತು ದಿನ ಒಂದು ವ್ರತ ಹಿಡಿಯಿರಿ: ಅಡುಗೆ ಮಾಡಿದವರು ಪಕ್ಕದಲ್ಲಿ ಕೂರುವವರೆಗೆ ತುತ್ತೆತ್ತಬೇಡಿ. ಮಾಂಸ ಬಿಡುವುದಕ್ಕಿಂತ ಇದು ಕಷ್ಟವೆಂದು ಕೆಲವರಿಗೆ ಅನ್ನಿಸೀತು. ತಾಯಂದಿರೇ, ನಿಮ್ಮ ಪಾಲನ್ನು ನೀವು ಉಣ್ಣುವುದು ಪಾಪವಲ್ಲ. ನನ್ನ ದೇವಾಲಯದಲ್ಲಿ ಬಿದ್ದ ಆ ತಾಯಿಗೆ ನಾನು ಆ ವರ್ಷ ಕೊಟ್ಟ ಪ್ರಾಯಶ್ಚಿತ್ತ ಒಂದೇ: ದಿನಕ್ಕೆ ಮೂರು ಹೊತ್ತು ಊಟ. ಅವರು ನಕ್ಕರು. ಆಮೇಲೆ ಅವರ ಕಣ್ಣು ತುಂಬಿತು.

ಉಳಿಸಿದ್ದು ಯಾರಿಗೆ?

ಹಸಿದವರೊಡನೆ ಆಹಾರ ಹಂಚಿಕೊಳ್ಳುವುದೇ ತನಗೆ ಮೆಚ್ಚಿಗೆಯಾದ ಉಪವಾಸವೆಂದು ದೇವರು ಪ್ರವಾದಿ ಯೆಶಾಯನ ಮೂಲಕ ತಿಳಿಸಿದ್ದಾರೆ. ಬಿಟ್ಟ ಮಾಂಸದ ಹಣ ಕಾಣಿಕೆ ಡಬ್ಬಿಗೆ ಬೀಳಲಿ, ಅಥವಾ ಬೀದಿಯಲ್ಲಿರುವ ಒಂಟಿ ಮುದುಕರ ಮನೆಗೆ ರಾಗಿ, ಬೇಳೆಯಾಗಿ ಹೋಗಲಿ. ಪಾಸ್ಖ ಹಬ್ಬದ ದಿನ ಸಂತೋಷದಿಂದ ಉಣ್ಣಿರಿ. ಆದರೆ ನಲವತ್ತು ದಿನ ಬಿಟ್ಟದ್ದನ್ನೆಲ್ಲ ಒಂದೇ ಹೊತ್ತಿನಲ್ಲಿ ತುಂಬಿಕೊಂಡು ಹೊಟ್ಟೆಯನ್ನು ದಂಡಿಸಬೇಡಿ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಶಿಷ್ಯರಿಗೆ ಬಡಿಸಿದ್ದು ಕೆಂಡದ ಮೇಲೆ ಸುಟ್ಟ ಮೀನು ಮತ್ತು ರೊಟ್ಟಿ. ಬಡಿಸಿದವರು ಅವರೇ!

ಮನೆಯವರೆಲ್ಲ ಕುಳಿತು ಚರ್ಚಿಸಲು

1. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನಿರುತ್ತದೆ?
2. ಸಂತ ತೋಮಸರು ಹೇಳಿದ ಐದು ದಾರಿಗಳಲ್ಲಿ ನನ್ನದು ಯಾವುದು?
3. ಈ ವಾರ ಬಾಟಲಿ ಪಾನೀಯ, ಕರಿದ ತಿಂಡಿ ಬಿಟ್ಟು ಉಳಿಸಿದ ಹಣವನ್ನು ಯಾರಿಗೆ ಕೊಡೋಣ?

ಪ್ರಾರ್ಥನೆ: ಪ್ರಭುವೇ, ನಮ್ಮ ಹಸಿವನ್ನೂ ನಮ್ಮ ಊಟವನ್ನೂ ಪವಿತ್ರಗೊಳಿಸು. ನಮಗೆ ಬಡಿಸುವ ಕೈಗಳು ಹಸಿದಿರದಂತೆ ನೋಡಿಕೊಳ್ಳುವ ಮನಸ್ಸನ್ನು ಕೊಡು. ಆಮೆನ್.